ಕೈಬರಹವನ್ನು ಪರೀಕ್ಷೆಗೆ ಒಡ್ಡಿದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ

ಅಕ್ಷರಗಳನ್ನು ನೋಡಿ ಮನುಷ್ಯನ ಸ್ವಭಾವವನ್ನು ಹೇಳಬಹುದೇ ಎಂಬ ಪ್ರಶ್ನೆ ಶತಮಾನಗಳಷ್ಟು ಹಳೆಯದು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳೂ ಸೇರಿದಂತೆ ಬೆಂಗಳೂರಿನ ಬಡಾವಣೆಗಳ ಪೋಷಕರಿಗೆ ಇಂದು ಗ್ರಾಫಾಲಜಿ ಎಂಬ ಪದ ಅಪರಿಚಿತವೇನಲ್ಲ. ಮಗುವಿನ ನೋಟ್‌ಬುಕ್ಕಿನ ಒಂದು ಪುಟದಿಂದ ಅದರ ಆತ್ಮವಿಶ್ವಾಸ, ಏಕಾಗ್ರತೆ, ಮುಂದಿನ ವೃತ್ತಿಗಳನ್ನು ತಿಳಿಯಬಹುದೆಂಬ ಭರವಸೆ ಆಪ್ತಸಲಹೆಯ ಹೆಸರಿನಲ್ಲಿಯೂ ಕೇಳಿಬರುತ್ತದೆ. ಈ ಭರವಸೆಯನ್ನು ಗೇಲಿ ಮಾಡದೆ, ಕುರುಡಾಗಿ ನಂಬದೆ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಲೆಕ್ಕಾಚಾರದ ಒರೆಗೆ ಹಚ್ಚಿದವರು ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ.

ಬುದ್ಧಿಮತ್ತೆ ಪರೀಕ್ಷೆಯ ಜನಕರೆಂದು ಬಿನೆ ಅವರನ್ನು ಬಿ.ಇಡಿ. ಓದಿದ ಪ್ರತಿಯೊಬ್ಬರೂ ಬಲ್ಲರು. ಆದರೆ ಅವರ ಕೈಬರಹದ ಅಧ್ಯಯನ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಈ ಎರಡೂ ಕೆಲಸಗಳ ಹಿಂದೆ ಇದ್ದದ್ದು ಒಂದೇ ಆತಂಕ. ಒಬ್ಬ ಮನುಷ್ಯನ ಬಗ್ಗೆ, ಅದರಲ್ಲೂ ಒಂದು ಮಗುವಿನ ಬಗ್ಗೆ, ಪುರಾವೆಯಿಲ್ಲದೆ ತೀರ್ಪು ನೀಡಿದರೆ ಆಗುವ ಅನಾಹುತವೇನು ಎಂಬುದನ್ನು ಅವರು ಸ್ವಂತ ಅನುಭವದಿಂದ ಕಲಿತಿದ್ದರು.

ಕಾನೂನಿನಿಂದ ಮನಸ್ಸಿನ ಕಡೆಗೆ

ಬಿನೆ ಜನಿಸಿದ್ದು 1857ರ ಜುಲೈ 8ರಂದು, ನೀಸ್ ನಗರದಲ್ಲಿ. ಆಗ ಆ ನಗರ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತ್ತು. ಫ್ರಾನ್ಸಿನ ವಶಕ್ಕೆ ಬಂದದ್ದು 1860ರಲ್ಲಿ. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ದಂಪತಿ ಬೇರೆಯಾದ ನಂತರ ಬಾಲಕ ತಾಯಿಯ ಆಸರೆಯಲ್ಲಿ ಬೆಳೆದು, ಪ್ಯಾರಿಸ್‌ನಲ್ಲಿ ವಿದ್ಯಾಭ್ಯಾಸ ಮಾಡಿದನು. 1878ರಲ್ಲಿ ಕಾನೂನು ಪದವಿ ದೊರೆಯಿತು. ಆದರೆ ವಕೀಲಿ ವೃತ್ತಿ ಹಿಡಿಸಲಿಲ್ಲ. ವೈದ್ಯಕೀಯ ಅಧ್ಯಯನವನ್ನು ಆರಂಭಿಸಿ ಅದನ್ನೂ ಕೈಬಿಟ್ಟರು.

ಮನೋವಿಜ್ಞಾನದಲ್ಲಿ ಬಿನೆ ಅವರಿಗೆ ಗುರುಗಳಿರಲಿಲ್ಲ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯವೇ ಅವರ ಪಾಠಶಾಲೆ. ಓದಿದ ಗ್ರಂಥಗಳ ಬಲದಿಂದಲೇ 1880ರಲ್ಲಿ ಅವರು ಮೊದಲ ಲೇಖನವನ್ನು ಪ್ರಕಟಿಸಿದರು. ಅದನ್ನು ಬೆಲ್ಜಿಯಂನ ವಿದ್ವಾಂಸ ಜೋಸೆಫ್ ಡೆಲ್ಬೆಫ್ ಕಟುವಾಗಿ ವಿಮರ್ಶಿಸಿದರು. ಇದೇ ಡೆಲ್ಬೆಫ್ ಕೆಲವು ವರ್ಷಗಳ ನಂತರ ಬಿನೆ ಅವರ ಬದುಕಿನ ದಿಕ್ಕನ್ನೇ ಬದಲಿಸಲಿದ್ದರು.

ಆಯಸ್ಕಾಂತ ಕಲಿಸಿದ ಪಾಠ

1883ರ ಸುಮಾರಿಗೆ ಬಿನೆ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯನ್ನು ಸೇರಿದರು. ನರರೋಗ ತಜ್ಞ ಶಾರ್ಕೋ ಅವರ ಕೀರ್ತಿ ಆಗ ಯುರೋಪಿನಾದ್ಯಂತ ಹಬ್ಬಿತ್ತು. ಸಮ್ಮೋಹನಕ್ಕೆ ಒಳಗಾದ ಉನ್ಮಾದ ರೋಗಿಗಳ ದೇಹದ ಬಳಿ ಆಯಸ್ಕಾಂತವನ್ನು ತಂದರೆ, ಬಲಗೈಯ ಲಕ್ಷಣಗಳು ಎಡಗೈಗೆ ವರ್ಗವಾಗುತ್ತವೆ, ಒಂದು ಭಾವ ಅದರ ವಿರುದ್ಧ ಭಾವಕ್ಕೆ ತಿರುಗುತ್ತದೆ ಎಂದು ಬಿನೆ ಮತ್ತು ಸಹೋದ್ಯೋಗಿ ಶಾರ್ಲ್ ಫೆರೆ ಘೋಷಿಸಿದರು. 1887ರಲ್ಲಿ ಈ ಬಗ್ಗೆ ಗ್ರಂಥವೂ ಹೊರಬಂದಿತು.

ಡೆಲ್ಬೆಫ್ ಆಸ್ಪತ್ರೆಗೆ ಬಂದು ಪ್ರಯೋಗಗಳನ್ನು ಕಣ್ಣಾರೆ ಕಂಡರು. ರೋಗಿಗಳ ಎದುರಿನಲ್ಲಿಯೇ ನಿರೀಕ್ಷಿತ ಫಲಿತಾಂಶವನ್ನು ಚರ್ಚಿಸಲಾಗುತ್ತಿತ್ತು. ಆಯಸ್ಕಾಂತವೂ ಅವರ ಕಣ್ಣಿಗೆ ಬೀಳುತ್ತಿತ್ತು. ವೈದ್ಯರು ಬಯಸಿದ್ದನ್ನೇ ರೋಗಿಗಳು ಮಾಡಿ ತೋರಿಸುತ್ತಿದ್ದರು. ಊರಿಗೆ ಮರಳಿದ ಡೆಲ್ಬೆಫ್ ಎಚ್ಚರಿಕೆಯಿಂದ ಪ್ರಯೋಗಗಳನ್ನು ಪುನರಾವರ್ತಿಸಿದಾಗ ಆಯಸ್ಕಾಂತದ ಮಹಿಮೆ ಮಾಯವಾಯಿತು. ಉಳಿದದ್ದು ಸೂಚನೆಯ ಪ್ರಭಾವ ಮಾತ್ರ.

ಬಿನೆ ಮೊದಲಿಗೆ ವಾದಿಸಿದರು. ಕೊನೆಗೆ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡು 1890ರ ವೇಳೆಗೆ ಆಸ್ಪತ್ರೆಯನ್ನು ತೊರೆದರು. ಮೂವತ್ತರ ಹರೆಯದ ಸಂಶೋಧಕನೊಬ್ಬನ ಹೆಸರಿಗೆ ಇದು ದೊಡ್ಡ ಪೆಟ್ಟು. ಆದರೆ ಪರೀಕ್ಷಕನ ನಿರೀಕ್ಷೆಯೇ ಫಲಿತಾಂಶವನ್ನು ರೂಪಿಸಬಲ್ಲದು ಎಂಬ ಅರಿವು ಅವರಿಗೆ ಇಲ್ಲಿಂದ ದೊರೆಯಿತು. ಮುಂದಿನ ಎರಡು ದಶಕಗಳ ಅವರ ಎಲ್ಲ ಕೆಲಸಗಳ ಮೇಲೂ ಈ ಅರಿವಿನ ಮುದ್ರೆಯಿದೆ.

ಸಂಬಳವಿಲ್ಲದ ನಿರ್ದೇಶಕ

1884ರಲ್ಲಿ ಭ್ರೂಣಶಾಸ್ತ್ರಜ್ಞ ಬಾಲ್ಬಿಯಾನಿ ಅವರ ಪುತ್ರಿ ಲಾರ್ ಅವರನ್ನು ಬಿನೆ ವಿವಾಹವಾಗಿದ್ದರು. ಮ್ಯಾಡಲೀನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ಆಸ್ಪತ್ರೆಯನ್ನು ಬಿಟ್ಟ ದಿನಗಳಲ್ಲಿ ಮನೆಯೇ ಅವರ ಪ್ರಯೋಗಾಲಯವಾಯಿತು. ಒಂದೇ ಮನೆಯಲ್ಲಿ ಬೆಳೆದರೂ ಇಬ್ಬರ ಆಲೋಚನಾ ಕ್ರಮ ಬೇರೆಬೇರೆ. ಒಬ್ಬಳು ನಿಖರ, ಸುತ್ತಲಿನ ವಸ್ತುಗಳನ್ನು ಗಮನಿಸುವವಳು, ಇನ್ನೊಬ್ಬಳು ಕಲ್ಪನಾಜೀವಿ. ಹೆಸರುಗಳನ್ನು ಬದಲಿಸಿ ಈ ವಿವರಗಳನ್ನು ಅವರು 1903ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು.

1891ರಲ್ಲಿ ಸೋರ್ಬೋನ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಮುಖ್ಯಸ್ಥ ಆಂರಿ ಬೋನಿ ಅವರ ಪರಿಚಯವಾಯಿತು. ಬಿನೆ ಅಲ್ಲಿ ಸಂಬಳವಿಲ್ಲದೆ ಕೆಲಸಕ್ಕೆ ಸೇರಿದರು. ಕೆಲವೇ ವರ್ಷಗಳಲ್ಲಿ ನಿರ್ದೇಶಕರಾದರು. ಫ್ರಾನ್ಸಿನ ಮೊದಲ ಮನೋವಿಜ್ಞಾನ ವಾರ್ಷಿಕ ಪತ್ರಿಕೆಯನ್ನು ಆರಂಭಿಸಿದರು. ಚದುರಂಗ ಆಟಗಾರರ ಹಾಗೂ ಮಿಂಚಿನ ವೇಗದಲ್ಲಿ ಲೆಕ್ಕ ಮಾಡುವವರ ನೆನಪಿನ ಶಕ್ತಿಯನ್ನು ಅಧ್ಯಯನ ಮಾಡಿದರು. ಭಯಾನಕ ನಾಟಕಗಳಿಗೆ ಹೆಸರಾಗಿದ್ದ ಗ್ರಾಂ ಗಿನ್ಯೋಲ್ ರಂಗಮಂದಿರಕ್ಕಾಗಿ ಆಂದ್ರೆ ದ ಲೋರ್ದ್ ಜೊತೆಗೂಡಿ ನಾಟಕಗಳನ್ನೂ ಬರೆದರು. ಇಷ್ಟಾದರೂ ಪ್ರಾಧ್ಯಾಪಕ ಪೀಠ ಮಾತ್ರ ಅವರಿಗೆ ದಕ್ಕಲಿಲ್ಲ. 1902ರಲ್ಲಿ ಕಾಲೇಜ್ ದ ಫ್ರಾನ್ಸ್‌ನ ಪೀಠ ಪಿಯೇರ್ ಜಾನೆ ಅವರ ಪಾಲಾಯಿತು.

ಈ ಅವಧಿಯಲ್ಲಿ ಬಿನೆ ಶಾಲಾ ಮಕ್ಕಳ ತಲೆಯ ಗಾತ್ರವನ್ನು ಅಳೆದು ಬುದ್ಧಿವಂತಿಕೆಯನ್ನು ತಿಳಿಯಲು ಯತ್ನಿಸಿದರು. ಶಿಕ್ಷಕರು ಜಾಣರೆಂದೂ ದಡ್ಡರೆಂದೂ ಗುರುತಿಸಿದ ಮಕ್ಕಳ ತಲೆಗಳ ನಡುವಿನ ವ್ಯತ್ಯಾಸ ಗಣನೆಗೆ ಬಾರದಷ್ಟು ಚಿಕ್ಕದಾಗಿತ್ತು. ಅಳೆಯುವವನ ನಿರೀಕ್ಷೆ ಅಳತೆಪಟ್ಟಿಯನ್ನೂ ವಾಲಿಸಬಲ್ಲದೆಂದು ಮನಗಂಡು ಅವರು ಆ ದಾರಿಯನ್ನು ಬಿಟ್ಟರು. 1900ರಲ್ಲಿ ಸೂಚನಾವಶತೆಯನ್ನು ಕುರಿತ ಗ್ರಂಥ ಹೊರಬಂದಿತು. ಕೇಳುವ ಪ್ರಶ್ನೆಯ ಧಾಟಿಯೊಂದೇ ಸಾಕು, ಮಕ್ಕಳು ಕಾಣದ್ದನ್ನು ಕಂಡೆವೆಂದು ಹೇಳುತ್ತಾರೆ ಎಂಬುದನ್ನು ಅದು ಪ್ರಯೋಗಗಳ ಮೂಲಕ ತೋರಿಸಿತು.

ಪಾದ್ರಿಯ ಶಾಸ್ತ್ರ, ದೇಶದ್ರೋಹದ ಆರೋಪ

ಕೈಬರಹದ ವಿಷಯ ಬಿನೆ ಅವರ ಮೇಜಿಗೆ ಬರುವ ಹೊತ್ತಿಗೆ ಫ್ರಾನ್ಸಿನಲ್ಲಿ ಅದಕ್ಕೆ ಶಾಸ್ತ್ರದ ಪಟ್ಟ ದೊರೆತಿತ್ತು. ಝಾಂ ಇಪೊಲಿತ್ ಮಿಶೋಂ ಎಂಬ ಪಾದ್ರಿ ಸಾವಿರಾರು ಬರಹಗಳನ್ನು ಸಂಗ್ರಹಿಸಿ, 1871ರಲ್ಲಿ ಗ್ರಾಫಾಲಜಿ ಎಂಬ ಹೆಸರನ್ನೇ ಚಲಾವಣೆಗೆ ತಂದಿದ್ದರು. ಅಕ್ಷರದ ಒಂದೊಂದು ಚಿಹ್ನೆಗೂ ಒಂದೊಂದು ಗುಣ ಎಂಬುದು ಮಿಶೋಂ ಮತ. ಮುಂದೆ ಜ್ಯೂಲ್ ಕ್ರೆಪಿಯೂ-ಜಾಮ್ಯಾಂ ಇದನ್ನು ತಿದ್ದಿದರು. ವೃತ್ತಿಯಿಂದ ದಂತವೈದ್ಯರಾಗಿದ್ದ ಇವರು, ಬಿಡಿ ಚಿಹ್ನೆಗಳಿಗಿಂತ ಬರಹದ ಒಟ್ಟು ಚಹರೆ ಮುಖ್ಯವೆಂದು ಸಾರಿದರು.

ಅದೇ ಕಾಲದಲ್ಲಿ ಕೈಬರಹ ಇಡೀ ದೇಶವನ್ನು ಇಬ್ಭಾಗ ಮಾಡಿದ ಸಂಗತಿಯೂ ಆಯಿತು. 1894ರಲ್ಲಿ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್ ಅವರನ್ನು ದೇಶದ್ರೋಹಿಯೆಂದು ಶಿಕ್ಷಿಸಿದಾಗ, ಮುಖ್ಯ ಆಧಾರ ಒಂದು ಕೈಬರಹದ ಚೀಟಿ. ಅಪರಾಧಿಗಳ ದೇಹದ ಅಳತೆಯಿಂದ ಖ್ಯಾತರಾಗಿದ್ದ ಆಲ್ಫೋನ್ಸ್ ಬೆರ್ಟಿಯೋಂ ಅದು ಡ್ರೇಫಸ್ ಬರಹವೆಂದು ಸಾಕ್ಷ್ಯ ನುಡಿದಿದ್ದರು. ಅದನ್ನು ಬರೆದವನು ಎಸ್ಟರ್‌ಹಾಜಿ ಎಂಬ ಬೇರೆ ಅಧಿಕಾರಿ ಎಂಬುದು ಬಳಿಕ ಬಯಲಾಯಿತು. ಡ್ರೇಫಸ್ ನಿರ್ದೋಷಿಯೆಂದು ಅಂತಿಮ ತೀರ್ಪು ಬಂದದ್ದು 1906ರ ಜುಲೈನಲ್ಲಿ.

ಅದೇ 1906ರಲ್ಲಿ ಬಿನೆ ಅವರ ಕೈಬರಹದ ಗ್ರಂಥ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಬರಹವು ಹೊರಗೆಡಹುವ ಸಂಗತಿಗಳನ್ನು ವೈಜ್ಞಾನಿಕವಾಗಿ ತಪಾಸಣೆ ಮಾಡುವುದೇ ಅದರ ಉದ್ದೇಶವೆಂದು ಶೀರ್ಷಿಕೆಯೇ ತಿಳಿಸುತ್ತಿತ್ತು.

ಲಕೋಟೆಗಳ ಪ್ರಯೋಗ

ಬಿನೆ ಅನುಸರಿಸಿದ ಕ್ರಮ ಸರಳ. ಉತ್ತರ ಮೊದಲೇ ಖಚಿತವಾಗಿ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಅವರು ಆರಿಸಿಕೊಂಡರು. ಸ್ವಭಾವದ ವರ್ಣನೆ ಸರಿಯೋ ತಪ್ಪೋ ಎಂದು ನಿರ್ಧರಿಸುವುದು ಕಷ್ಟ. ಆದರೆ ವಿಳಾಸ ಬರೆದವರು ಗಂಡಸೋ ಹೆಂಗಸೋ ಎಂಬುದಕ್ಕೆ ಒಂದೇ ಉತ್ತರ. ಅಂಥ 180 ಲಕೋಟೆಗಳನ್ನು ಅವರು ಕ್ರೆಪಿಯೂ-ಜಾಮ್ಯಾಂ ಸೇರಿದಂತೆ ಪರಿಣತರ ಮುಂದಿಟ್ಟರು. ನಾಣ್ಯವನ್ನು ಚಿಮ್ಮಿ ಹೇಳಿದರೂ ನೂರಕ್ಕೆ ಐವತ್ತು ಸರಿಯಾಗುತ್ತದೆ. ಅದಕ್ಕಿಂತ ಎಷ್ಟು ಮೇಲಕ್ಕೆ ಹೋಗುತ್ತಾರೆ ಎಂಬುದೇ ಪರಿಣತಿಯ ಅಳತೆ.

ಕ್ರೆಪಿಯೂ-ಜಾಮ್ಯಾಂ ಸುಮಾರು ನೂರಕ್ಕೆ 79ರಷ್ಟು ಸರಿಯುತ್ತರ ನೀಡಿದರು. ಇದು ಅದೃಷ್ಟದ ಫಲವಲ್ಲ. ಆದರೆ ಬಿನೆ ಅಲ್ಲಿಗೇ ನಿಲ್ಲಲಿಲ್ಲ. ಗ್ರಾಫಾಲಜಿಯ ಗಂಧವೂ ಇಲ್ಲದ ಸಾಮಾನ್ಯ ಜನರಿಗೂ ಅವೇ ಲಕೋಟೆಗಳನ್ನು ಕೊಟ್ಟರು. ಅವರೂ ಐವತ್ತರ ಗೆರೆಯನ್ನು ಸಾಕಷ್ಟು ದಾಟಿ ಪರಿಣತರ ಸಮೀಪಕ್ಕೆ ಬಂದರು. ಅಂದರೆ ಬರಹದಲ್ಲಿ ಸುಳಿವು ಇರುವುದು ನಿಜ. ಅದನ್ನು ಹಿಡಿಯಲು ಶಾಸ್ತ್ರ ಓದಿರಲೇಬೇಕೆಂಬುದು ಅಷ್ಟು ನಿಜವಲ್ಲ.

ನಂತರದ ಸರದಿ ಬುದ್ಧಿಮತ್ತೆಯದು. ಪ್ರಸಿದ್ಧ ಚಿಂತಕರ ಬರಹಗಳನ್ನು ಸಾಧಾರಣ ವ್ಯಕ್ತಿಗಳ ಬರಹಗಳೊಂದಿಗೆ ಜೋಡಿ ಮಾಡಿ, ಯಾವುದು ಯಾರದೆಂದು ಕೇಳಲಾಯಿತು. ಇಲ್ಲಿ ಕ್ರೆಪಿಯೂ-ಜಾಮ್ಯಾಂ ನೂರಕ್ಕೆ ತೊಂಬತ್ತನ್ನು ದಾಟಿದರು. ಉಳಿದ ಪರಿಣತರು ಅವರಿಗಿಂತ ಹಿಂದುಳಿದರು. ಕೊನೆಯದು ನಡತೆಯ ಪರೀಕ್ಷೆ. ಕೊಲೆಗಾರರ ಮತ್ತು ಸಭ್ಯ ನಾಗರಿಕರ ಬರಹಗಳನ್ನು ಬೇರ್ಪಡಿಸುವಾಗ ಫಲಿತಾಂಶ ಇಳಿಮುಖವಾಯಿತು. ಗ್ರಾಫಾಲಜಿ ಯಾವುದನ್ನು ಹೇಳಬಲ್ಲೆನೆಂದು ಹೆಚ್ಚು ಹೆಮ್ಮೆಪಡುತ್ತಿತ್ತೋ ಅಲ್ಲಿಯೇ ಅದು ಮುಗ್ಗರಿಸಿತ್ತು.

ಬಿನೆ ತಲುಪಿದ ನಿಲುವು ಎರಡೂ ಪಕ್ಷಗಳಿಗೆ ಪೂರ್ತಿ ಹಿತವಾಗುವಂಥದಲ್ಲ. ಕೈಬರಹದಲ್ಲಿ ಏನೂ ಇಲ್ಲವೆಂದು ಅವರು ಹೇಳಲಿಲ್ಲ. ಅದರ ಅಧ್ಯಯನಕ್ಕೆ ಭವಿಷ್ಯವಿದೆಯೆಂಬ ಆಶಯವೂ ಅವರಿಗಿತ್ತು. ಆದರೆ ಅತ್ಯುತ್ತಮ ಪರಿಣತನೂ ಹತ್ತರಲ್ಲಿ ಎರಡು ಬಾರಿ ತಪ್ಪುವಾಗ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಖಚಿತ ತೀರ್ಪು ನೀಡುವ ಅಧಿಕಾರ ಈ ವಿದ್ಯೆಗೆ ಇಲ್ಲವೆಂಬುದು ಅವರ ಅಂಕಿಗಳಿಂದಲೇ ಸ್ಪಷ್ಟವಾಯಿತು. ಸರಾಸರಿಯಲ್ಲಿ ನಿಜವಾದದ್ದು ಎದುರಿಗೆ ಕುಳಿತ ಒಬ್ಬರ ವಿಷಯದಲ್ಲಿ ಸುಳ್ಳಾಗಬಹುದು. ಆಪ್ತಸಲಹೆಗೆ ಬರುವವರೋ ಒಬ್ಬೊಬ್ಬರಾಗಿಯೇ ಬರುತ್ತಾರೆ.

ಮಗುವನ್ನೇ ಕೇಳುವ ಮಾರ್ಗ

ಇದೇ ವರ್ಷಗಳಲ್ಲಿ ಬಿನೆ ಮತ್ತೊಂದು ಹೊಣೆಯನ್ನು ಹೊತ್ತಿದ್ದರು. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ವಿಶೇಷ ಶಿಕ್ಷಣ ನೀಡುವ ಬಗ್ಗೆ 1904ರಲ್ಲಿ ಫ್ರಾನ್ಸ್ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಆ ಮಕ್ಕಳನ್ನು ಗುರುತಿಸುವುದು ಹೇಗೆ? ಶಿಕ್ಷಕರ ಅಭಿಪ್ರಾಯವೊಂದನ್ನೇ ನಂಬಿದರೆ ತುಂಟ ಮಗುವೂ ಮಂದಮತಿಯೆನಿಸಿಕೊಳ್ಳುವ ಅಪಾಯವಿತ್ತು. ವೈದ್ಯರಲ್ಲಿಯೂ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

ಯುವ ವೈದ್ಯ ಥಿಯೋಡರ್ ಸಿಮೋನ್ ಜೊತೆಗೂಡಿ 1905ರಲ್ಲಿ ಬಿನೆ 30 ಪ್ರಶ್ನೆ ಹಾಗೂ ಚಟುವಟಿಕೆಗಳ ಮಾಪನಪಟ್ಟಿಯನ್ನು ಪ್ರಕಟಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದರಿಂದ ಆರಂಭವಾಗಿ, ವಸ್ತುಗಳನ್ನು ಹೆಸರಿಸುವುದು, ಅಂಕಿಗಳನ್ನು ಕೇಳಿ ಹೇಳುವುದು, ಅಮೂರ್ತ ಪದಗಳ ಅರ್ಥಭೇದವನ್ನು ವಿವರಿಸುವವರೆಗೆ ಅವು ಕ್ರಮೇಣ ಕಠಿಣವಾಗುತ್ತಿದ್ದವು. 1908ರ ಪರಿಷ್ಕರಣೆಯಲ್ಲಿ ವಯಸ್ಸಿಗೆ ತಕ್ಕಂತೆ ಪ್ರಶ್ನೆಗಳನ್ನು ಹೊಂದಿಸಿ ಮಾನಸಿಕ ಮಟ್ಟದ ಕಲ್ಪನೆಯನ್ನು ತರಲಾಯಿತು. ಗಮನಾರ್ಹವೆಂದರೆ, ನೋಡಿ ಬರೆಯುವುದು, ಉಕ್ತಲೇಖನ ಮುಂತಾದವು 1908ರ ಪಟ್ಟಿಯಲ್ಲಿದ್ದವು. 1911ರ ಪರಿಷ್ಕರಣೆಯಲ್ಲಿ ಇಂಥವುಗಳನ್ನು ಕೈಬಿಡಲಾಯಿತು. ಬರವಣಿಗೆ ಶಾಲೆಯ ಅಭ್ಯಾಸದಿಂದ ಬರುವಂಥದು. ಶಾಲೆಯ ಭಾಗ್ಯವಿಲ್ಲದ ಮಗುವಿಗೆ ಅದರಿಂದ ಅನ್ಯಾಯವಾಗುತ್ತದೆ ಎಂಬುದು ಇದರ ಹಿಂದಿನ ವಿವೇಕ.

ಬುದ್ಧಿಯು ಹುಟ್ಟಿನಿಂದಲೇ ನಿಗದಿಯಾದ, ಬದಲಾಗದ ಮೊತ್ತವೆಂಬ ವಾದವನ್ನು 1909ರಲ್ಲಿ ಬಿನೆ ಬಲವಾಗಿ ಅಲ್ಲಗಳೆದರು. ಗಮನ, ನೆನಪು, ವಿವೇಚನೆಗಳನ್ನು ತರಬೇತಿಯಿಂದ ಬೆಳೆಸಬಹುದೆಂದು ಅವರು ನಂಬಿದ್ದರು. ಪರೀಕ್ಷೆಯ ಉದ್ದೇಶ ಮಗುವಿಗೆ ಹಣೆಪಟ್ಟಿ ಅಂಟಿಸುವುದಲ್ಲ, ನೆರವು ಬೇಕಾದವರನ್ನು ಹುಡುಕುವುದು. 1911ರ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ ಅವರು ಪ್ಯಾರಿಸ್‌ನಲ್ಲಿ ನಿಧನರಾದರು.

ಪ್ಯಾರಿಸ್‌ನಿಂದ ಧಾರವಾಡಕ್ಕೆ

ಬಿನೆ ಅವರ ಅನಂತರ ಅವರ ಮಾಪನವೇ ಅವರ ಆಶಯಕ್ಕೆ ವಿರುದ್ಧವಾಗಿ ಬಳಕೆಯಾದದ್ದು ಇತಿಹಾಸದ ವ್ಯಂಗ್ಯ. ಅಮೆರಿಕದಲ್ಲಿ ಹೆನ್ರಿ ಗೊಡಾರ್ಡ್ ಅದನ್ನು ವಲಸಿಗರ ಬುದ್ಧಿಮಟ್ಟವನ್ನು ನಿರ್ಣಯಿಸಲು ಉಪಯೋಗಿಸಿದರು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಬುದ್ಧಿಸೂಚ್ಯಂಕದ ಕಲ್ಪನೆಯನ್ನು ನೀಡಿದರು. 1916ರಲ್ಲಿ ಲೂಯಿಸ್ ಟರ್ಮನ್ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಮಾಪನವನ್ನು ಪರಿಷ್ಕರಿಸಿದರು. ಒಂದೇ ಅಂಕಿಯಲ್ಲಿ ಮಗುವನ್ನು ಅಳೆಯುವ ಪದ್ಧತಿ ಎಲ್ಲೆಡೆ ಹರಡಿತು.

ಕನ್ನಡ ನಾಡಿಗೂ ಈ ಮಾಪನ ಬಂದಿತು. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಶಿಕ್ಷಣ ತಜ್ಞ ವಿ.ವಿ. ಕಾಮತ್, ಟರ್ಮನ್ ಅವರ ಪರಿಷ್ಕರಣೆಯನ್ನು ಆಧರಿಸಿ, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಅದನ್ನು ರೂಪಿಸಿದರು. 1934ರಲ್ಲಿ ಹೊರಬಂದ ಈ ಮುಂಬಯಿ-ಕರ್ನಾಟಕ ಪರಿಷ್ಕರಣೆ ಬಿನೆ-ಕಾಮತ್ ಪರೀಕ್ಷೆಯೆಂದು ಪ್ರಸಿದ್ಧವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಹಲವು ಸಂಸ್ಥೆಗಳಲ್ಲಿ ಮಕ್ಕಳ ಬೌದ್ಧಿಕ ಬೆಳವಣಿಗೆಯನ್ನು ತಿಳಿಯಲು ದೀರ್ಘಕಾಲದಿಂದ ಬಳಕೆಯಾಗುತ್ತಿರುವ ಪರೀಕ್ಷೆಗಳಲ್ಲಿ ಇದೂ ಒಂದು. ಇದರ ಮಾನದಂಡಗಳು ಹಳೆಯವೆಂಬ ಟೀಕೆಯೂ ಇದೆ. ಟೀಕೆಗೆ ಒಳಗಾಗಿ ತಿದ್ದುಪಡಿಗೆ ಅವಕಾಶ ನೀಡುವುದೇ ವೈಜ್ಞಾನಿಕ ಪರೀಕ್ಷೆಯ ಲಕ್ಷಣ.

ಕೈಬರಹ ವಿಶ್ಲೇಷಣೆಯ ವಿಷಯದಲ್ಲಿ ಬಿನೆ ಎತ್ತಿದ ಪ್ರಶ್ನೆಗಳು ಮುಂದೆಯೂ ಜೀವಂತವಾಗಿ ಉಳಿದವು. 1989ರಲ್ಲಿ ಇಸ್ರೇಲಿನ ಸಂಶೋಧಕರಾದ ಎಫ್ರಾತ್ ನೆಟರ್ ಮತ್ತು ಗೆರ್ಶೋನ್ ಬೆನ್-ಶಖರ್ ಅದುವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಉದ್ಯೋಗದ ಅಭ್ಯರ್ಥಿಗಳು ತಮ್ಮ ಬಗ್ಗೆ ತಾವೇ ಬರೆದ ಪುಟಗಳನ್ನು ಓದಿದಾಗ ಪರಿಣತರ ಊಹೆ ಸ್ವಲ್ಪಮಟ್ಟಿಗೆ ಸರಿಯಾಗುತ್ತಿತ್ತು. ಆದರೆ ಅವೇ ಪುಟಗಳನ್ನು ಓದಿದ ಇತರರು ಅವರಿಗಿಂತ ಹಿಂದೆ ಬೀಳಲಿಲ್ಲ. ಸುಳಿವು ಅಕ್ಷರದ ಆಕಾರದಲ್ಲಿ ಅಲ್ಲ, ಬರೆದ ಮಾತಿನಲ್ಲಿಯೇ ಇತ್ತೆಂಬುದು ಇದರಿಂದ ಹೊರಟ ತಾತ್ಪರ್ಯ.

ಕನ್ನಡಿಗರಿಗೆ ಮತ್ತೊಂದು ಪ್ರಶ್ನೆಯೂ ಇದೆ. ಗ್ರಾಫಾಲಜಿಯ ಸೂತ್ರಗಳು ಹುಟ್ಟಿದ್ದು ರೋಮನ್ ಲಿಪಿಯ ಕೂಡುಬರಹದಿಂದ. ಅಕ್ಷರಗಳನ್ನು ಜೋಡಿಸಿ ಬರೆದರೆ ತರ್ಕಬುದ್ಧಿ, ಬಿಡಿಸಿ ಬರೆದರೆ ಅಂತಃಸ್ಫುರಣೆ ಎಂಬುದು ಅವುಗಳಲ್ಲೊಂದು. ಕನ್ನಡದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿಯೇ ನಿಲ್ಲುತ್ತವೆ; ದುಂಡಾಗಿರುತ್ತವೆ; ತಲೆಕಟ್ಟು ಮೇಲೆ, ಒತ್ತಕ್ಷರ ಕೆಳಗೆ ಬರುತ್ತವೆ. ಒಂದೇ ಮಗು ಕನ್ನಡವನ್ನು ನೇರವಾಗಿಯೂ ಇಂಗ್ಲಿಷನ್ನು ಬಲಕ್ಕೆ ಓರೆಯಾಗಿಯೂ ಬರೆಯಬಹುದು. ಹಾಗೆಂದು ಆ ಮಗುವಿಗೆ ಎರಡು ಸ್ವಭಾವಗಳಿವೆಯೆಂದು ಯಾರೂ ಹೇಳಲಾರರು.

ದಾಖಲೆಯನ್ನು ಬರೆದವರು ಯಾರೆಂದು ಪತ್ತೆ ಹಚ್ಚುವ ಕೆಲಸ ಇದರಿಂದ ಪ್ರತ್ಯೇಕವಾದುದು. ನ್ಯಾಯಾಲಯಗಳು ತಜ್ಞರ ಅಂಥ ಅಭಿಪ್ರಾಯವನ್ನು 1872ರ ಸಾಕ್ಷ್ಯ ಕಾಯ್ದೆಯಡಿ ಸ್ವೀಕರಿಸುತ್ತಿದ್ದವು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಸ್ವೀಕರಿಸುತ್ತದೆ. ಆದರೆ ಸಹಿಯ ಒಡೆಯನನ್ನು ಗುರುತಿಸುವುದಕ್ಕೂ ಅವನ ಗುಣಾವಗುಣಗಳನ್ನು ಹೇಳುವುದಕ್ಕೂ ಅಜಗಜಾಂತರ.

ಮಗುವಿನ ಅಕ್ಷರ ವಕ್ರವಾಗಿದ್ದರೆ ಅದನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ಬರೆಯಲು ಅತಿಯಾಗಿ ಕಷ್ಟಪಡುವುದು, ಅಕ್ಷರಗಳನ್ನು ಪದೇಪದೇ ತಪ್ಪುವುದು ಡಿಸ್‌ಗ್ರಾಫಿಯಾದಂಥ ಕಲಿಕಾ ನ್ಯೂನತೆಯ ಲಕ್ಷಣವಾಗಿರಬಹುದು. ದೃಷ್ಟಿದೋಷವೋ ಬೆರಳುಗಳ ದೌರ್ಬಲ್ಯವೋ ಇರಬಹುದು. ಇವುಗಳಿಗೆ ತಪಾಸಣೆಯಿದೆ, ತರಬೇತಿಯಿದೆ. ಅದನ್ನು ಬಿಟ್ಟು, ಓರೆಯಾದ ಗೆರೆಯನ್ನು ಕಂಡು ಮಗುವಿಗೆ ಆತ್ಮವಿಶ್ವಾಸವಿಲ್ಲವೆಂದು ಸಾರಿದರೆ, ಆ ಮಾತನ್ನು ಕೇಳಿಸಿಕೊಂಡ ಮಗು ಅದನ್ನೇ ನಂಬಿ ಬೆಳೆಯುವ ಸಂಭವವಿದೆ. ಸಾಲ್ಪೆಟ್ರಿಯೇರ್ ಆಸ್ಪತ್ರೆಯ ರೋಗಿಗಳು ವೈದ್ಯರ ನಿರೀಕ್ಷೆಯನ್ನು ನಿಜ ಮಾಡಿ ತೋರಿಸಿದ್ದೂ ಹೀಗೆಯೇ.

ತಮ್ಮ ನಂಬಿಕೆಗಳನ್ನು ತಾವೇ ಪರೀಕ್ಷೆಗೆ ಒಡ್ಡಿ, ಸೋತಾಗ ಸೋಲನ್ನು ಒಪ್ಪಿಕೊಂಡು ಮುಂದೆ ನಡೆದವರು ಆಲ್ಫ್ರೆಡ್ ಬಿನೆ. ಆಯಸ್ಕಾಂತ, ತಲೆಯ ಸುತ್ತಳತೆ, ಕೈಬರಹ ಎಲ್ಲವನ್ನೂ ದಾಟಿ ಅವರು ತಲುಪಿದ್ದು ಮಗುವಿನ ಎದುರು ಕುಳಿತು, ಪ್ರಶ್ನೆ ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವ ಸರಳ ವಿಧಾನವನ್ನು. ಮಕ್ಕಳ ಮನಸ್ಸನ್ನು ಅರಿಯಲು ಬಯಸುವ ಶಿಕ್ಷಕರು, ಪೋಷಕರು ಹಾಗೂ ಆಪ್ತಸಲಹೆಗಾರರಿಗೆ ಅವರು ಬಿಟ್ಟುಹೋದ ದಾರಿಯೂ ಅದೇ ಆಗಿದೆ.